ಸಂಬೋಳಿ ಎಂಬ ಕೂಗು

ಪೂಜ್ಯ ಶ್ರೀ ಕಲ್ಲಿನಾಥ ಶಿವಯೋಗಿಗಳು ಆ ವರ್ಷ ಬಿಳಿಕಲ್ಲಾಪುರದ ಹೊರಗೆ, ಸೂರು ಅರ್ಧ ಕುಸಿದ ಹಳೆಯ ಸುಂಕದ ಕಟ್ಟೆಯಲ್ಲಿ ಬಿಡಾರ ಮಾಡಿದ್ದರು. ಹಾಸಲು ಒಂದು ಗೋಣಿತಟ್ಟು. ಹಗಲೆಲ್ಲ ಕತ್ತಾಳೆಯ ನಾರು ಹೊಸೆಯುವ ಕಾಯಕ. ಒಂದು ಮುಂಜಾನೆ ಕೇರಿಯ ದುರುಗಪ್ಪ ಅಲ್ಲಿಗೆ ಬಂದು, ದೂರದಲ್ಲೇ ನಿಂತು ಅತ್ತನು.

"ನನ್ನ ದನಿ ಕಿತ್ತಗೋರಿ ಅಜ್ಜಾರ. ಮೂಕ ಮಾಡ್ರಿ."

ಕಾರಣವಿತ್ತು. ಕೇರಿಯವರು ಮೇಲಿನ ಓಣಿಗೆ ಕಾಲಿಡುವಾಗ "ಸಂಬೋಳಿ, ಸಂಬೋಳಿ" ಎಂದು ಕೂಗಬೇಕೆಂಬುದು ಹಿಂದಿನ ಕಟ್ಟಳೆ. ಕೂಗು ಕೇಳಿದವರು ಮೈಲಿಗೆಯಾಗದಂತೆ ದೂರ ಸರಿಯುತ್ತಿದ್ದರು. ಕಾಯ್ದೆ ಬಂದು ಆ ಕಟ್ಟಳೆ ಅಳಿಯಿತು. ದುರುಗಪ್ಪನ ಗಂಟಲಿನಿಂದ ಮಾತ್ರ ಅಳಿಯಲಿಲ್ಲ. ನಡೆಯಲು ಕಲಿಯುವಾಗಲೇ ಕಲಿತ ಮಾತು. ಓಣಿಯ ತಿರುವು ಬಂದೊಡನೆ ತಾನಾಗಿಯೇ ಹೊರಬೀಳುತ್ತಿತ್ತು. ಈಗ ಮಗಳು ಭರಮವ್ವ ಅದೇ ಓಣಿಯ ಶಾಲೆಗೆ ಶಿಕ್ಷಕಿಯಾಗಿ ಬಂದಿದ್ದಳು. ಮಗಳು ಪಾಠ ಹೇಳುವುದನ್ನು ನೋಡಲು ಹೋದ ತಂದೆ ತಿರುವಿನಲ್ಲಿ ಕೂಗಿಬಿಟ್ಟನು. ಮರುದಿನದಿಂದ ಮಕ್ಕಳು ಆಕೆಯನ್ನು "ಸಂಬೋಳಿ ಅಕ್ಕೋರು" ಎಂದು ಕರೆಯತೊಡಗಿದರು. ಆಕೆ ಬೈಯಲಿಲ್ಲ, ಆ ರಾತ್ರಿ ಉಣ್ಣಲಿಲ್ಲ.

ಶಿವಯೋಗಿಗಳು ಆತನ ನಾಲಗೆಗೆ ವಿಭೂತಿ ಹಚ್ಚಿದರೆಂದು ಕೆಲವರು ಹೇಳುವುದುಂಟು. ಅಂದು ಜೊತೆಯಲ್ಲಿದ್ದವರ ಮಾತಿನಲ್ಲಿ ವಿಭೂತಿಯ ಪ್ರಸ್ತಾಪವೇ ಇಲ್ಲ. ಶ್ರೀಗಳು ನಾರನ್ನು ಬದಿಗಿಟ್ಟು ಎದ್ದರಂತೆ.

"ನಡಿ ಸಾಲಿಗೆ. ನಾ ಮುಂದ ಇರತೀನಿ. ಆ ಕೂಗು ಇವತ್ತ ನಂದು."

ಮೇಲಿನ ಓಣಿಯ ಮೊದಲ ಮನೆ ದಾಟುತ್ತಲೇ ಶ್ರೀಗಳು ಗಟ್ಟಿಯಾಗಿ ಕೂಗಿದರು: "ಸಂಬೋಳಿ! ಸಂಬೋಳಿ!"

ಬಾಗಿಲುಗಳು ತೆರೆದವು. ಪಾದಕ್ಕೆರಗಲು ಓಡಿ ಬಂದವರಿಗೆ ಶ್ರೀಗಳು ಕೈ ಅಡ್ಡ ಹಿಡಿದರು. ಜಗಲಿಯ ಮೇಲೆ ಕುಳಿತಿದ್ದ ವೀರನಗೌಡರಿಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೇ ಬಂದವು.

"ಇದೇನ್ರೀ ಅಜ್ಜಾರ! ಕಾಯ್ದೆ ಬಂದು ಎಷ್ಟೋ ವರ್ಷಾತು. ಆ ಮುದುಕಗ ಒದರು ಅಂತ ಈಗ ಯಾರ ಹೇಳ್ಯಾರ?"

"ಬ್ಯಾಡ ಅಂತ ಯಾರ ಹೇಳೀರಿ?" ಎಂದರು ಶ್ರೀಗಳು. "ನನ್ನ ಕಿವಿ ಮೈಲಿಗಿ ಆಗ್ಯಾವ ಗೌಡ. ಇಷ್ಟ ವರ್ಷ ಈ ಕೂಗ ಕೇಳಿ ಸುಮ್ಮನ ಇದ್ದಾವು. ದೂರ ಸರಿ."

ಶ್ರೀಗಳು ಮತ್ತೆ ಕೂಗುತ್ತ ನಡೆದರು. ಹಿಂದಿನಿಂದ ದುರುಗಪ್ಪನ ದನಿ ಕೇಳಿಸಿತು.

"ಹಂಗಲ್ರೀ ಅಜ್ಜಾರ, ರಾಗ ತಪ್ಪೇತಿ. 'ಬೋ' ಅನ್ನೂದು ಎಳೀಬೇಕು."

"ಎಳದ್ರ ಉಸರ ಸಾಲವಲ್ದಪಾ."

"ನಮ್ಮಪ್ಪ ಹೊಲದಾಗ ನಿಲ್ಲಿಸಿ ಕಲಿಸ್ಯಾನ್ರಿ. ನಿಮಗ ಬರಾಂಗಿಲ್ಲ, ಬಿಡ್ರಿ!" ಎಂದು ಹೇಳುತ್ತಲೇ ಮುದುಕನಿಗೆ ನಗೆ ಬಂದಿತು. ಸಂಬೋಳಿ ಎಂಬ ಮಾತಿಗೆ ಆತ ನಕ್ಕದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ನಗುತ್ತ ನಗುತ್ತ ಆತನ ಕಣ್ಣು ತುಂಬಿದವು.

ಶಾಲೆಯ ತಿರುವಿನಲ್ಲಿ ಶ್ರೀಗಳು ಕೂಗು ನಿಲ್ಲಿಸಿ, ಮುಂದೆ ಹೋಗುವಂತೆ ಸನ್ನೆ ಮಾಡಿದರು. ದುರುಗಪ್ಪನ ಗಂಟಲು ಅಭ್ಯಾಸದಂತೆ ಉಬ್ಬಿತು. ಹೊರಬಂದದ್ದು ಬೇರೆ ಮಾತು:

"ಭರಮವ್ವಾ, ನಾ ಬಂದೇನವ್ವಾ."

ಮಗಳು ಬಾಗಿಲಿಗೆ ಬಂದಳು. "ಒಳಗ ಬಾರಪ್ಪ," ಎಂದು ಕೈ ಹಿಡಿದು ಕರೆದೊಯ್ದಳು. ಮಕ್ಕಳಲ್ಲಿ ಯಾರೂ 'ಸಂಬೋಳಿ' ಅನ್ನಲಿಲ್ಲ. ಪಾಠ ಮುಗಿಯುವವರೆಗೂ ಆತ ಅಲ್ಲೇ ಕುಳಿತು ಕೇಳಿದನು.

ಸಂಜೆ ದುರುಗಪ್ಪ ಅದೇ ಓಣಿಯಲ್ಲಿ ಮರಳಿದನು. ಜಗಲಿಯ ಪಕ್ಕದಲ್ಲೇ ಆತನನ್ನು ಕಂಡು ವೀರನಗೌಡರು ಬೆಚ್ಚಿದರು.

"ನೀ ಬಂದದ್ದ ತಿಳೀಲೇ ಇಲ್ಲಲ್ಲೋ ದುರುಗಪ್ಪ!"

"ಹೌದ್ರೀ ಗೌಡ್ರ, ಸುಮ್ಮನ ಬಂದೆ."

ಗೌಡರು ಸರಿದರು, ಜಗಲಿಯ ಮೇಲೆ ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು.