ತಟ್ಟಿ ನೋಡಿದ ಮಡಕೆ

“ಬುದ್ಧಿ, ಹಿಡಿದರೆ ಮಗಳು ಬಾಡುತ್ತಾಳೆ, ಬಿಟ್ಟರೆ ಸೀಟು ಹೋಗುತ್ತದೆ. ನಾನು ಹಿಡಿಯಲೋ, ಬಿಡಲೋ?”

ಹೀಗೆ ಕೇಳಿದವಳು ದಾಕ್ಷಾಯಣಿ. ಕೇಳಿದ್ದು ಮಠದ ಗುರುಗಳನ್ನು. ಸೋಮವಾರದ ಪೂಜೆ ಮುಗಿದು, ಬಂದವರೆಲ್ಲ ಪ್ರಸಾದ ತೆಗೆದುಕೊಂಡು ಹೊರಟುಹೋಗಿದ್ದರು. ಅವಳು ಮಾತ್ರ ಜಗಲಿಯ ಮೇಲೆ ಉಳಿದಿದ್ದಳು. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು ಅವಳು. ಅಳತೆ ತಪ್ಪಿದವಳಲ್ಲ. ಅಂಥವಳಿಗೆ ಈಚೆಗೆ ಯಾವುದರ ಅಳತೆಯೂ ಸಿಗದಂತಾಗಿತ್ತು.

ಗುರುಗಳು ಪೂರ್ತಿ ಹೇಳು ಎಂದರು. ಅವಳು ಹೇಳಿದಳು.

ಮಗಳ ಹೆಸರು ಚಿನ್ಮಯಿ, ಐದನೇ ತರಗತಿ. ಸರ್ಕಾರದ ಒಂದು ವಸತಿ ಶಾಲೆಯಿದೆ. ಪರೀಕ್ಷೆ ಇಟ್ಟು, ಆರನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿಗೆ ಸೇರಿಬಿಟ್ಟರೆ ಊಟ, ಬಟ್ಟೆ, ಪಾಠ ಎಲ್ಲ ಅವರದೇ. ಬರೆಯುವ ಮಕ್ಕಳು ಸಾವಿರಾರು, ಸೀಟು ಬೆರಳೆಣಿಕೆಯಷ್ಟು. ಒಂದು ಮಗುವಿಗೆ ಒಂದೇ ಸಲ ಅವಕಾಶ. ತಪ್ಪಿದರೆ ತಪ್ಪಿದ ಹಾಗೆಯೇ. ಪರೀಕ್ಷೆ ಬರುವ ಶನಿವಾರ.

ಊರಿನ ಶಾಲೆ ಏಳನೆಯದಕ್ಕೆ ಮುಗಿಯುತ್ತದೆ. ಆಮೇಲೆ ಓದಬೇಕೆಂದರೆ ಬಸ್ಸು ಹಿಡಿದು ಹೋಗಬೇಕು. ದಾಕ್ಷಾಯಣಿಯ ಓದು ಆ ಬಸ್ಸಿನ ದೆಸೆಯಿಂದಲೇ ನಿಂತದ್ದು. ಹೆಣ್ಣು ಮಗು ಒಬ್ಬಳೇ ಹೋಗಿ ಬರುವುದು ಬೇಡ ಎಂದು ಮನೆಯವರು ಬಿಡಿಸಿದ್ದರು. ಅವತ್ತು ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ತನಗಾದದ್ದು ಮಗಳಿಗೆ ಆಗಬಾರದು ಎಂಬ ಒಂದೇ ಹಟ ಅವಳದು. ಆ ಹಟದಲ್ಲಿ ತಪ್ಪೇನಿದೆ ಹೇಳಿ?

ಆದ್ದರಿಂದ ಅವಳು ಪಾಠಕ್ಕೆ ಕೂತಳು. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಗಳ ಮಣೆ. ಕಾಲು ತುಳಿಯುತ್ತಿರುತ್ತದೆ, ಬಾಯಿ ಕೇಳುತ್ತಿರುತ್ತದೆ. ಜಡೆ ಹಾಕುವಾಗ ಹದಿನಾರರ ಮಗ್ಗಿ. ತಲೆಗೆ ಎಣ್ಣೆ ಒತ್ತುವಾಗ ಯಾವ ರಾಜ್ಯಕ್ಕೆ ಯಾವ ರಾಜಧಾನಿ. ತುತ್ತು ಬಾಯಿಗೆ ಹೋಗುವ ಮೊದಲು ವಿರುದ್ಧ ಪದ. ತಪ್ಪಿದರೆ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. “ಹೂಂ” ಎಂದು ಮತ್ತೊಮ್ಮೆ ಕೇಳುತ್ತಿದ್ದಳು, ಅಷ್ಟೆ. ಪರೀಕ್ಷೆ ತಾಯಿಗೋ ಮಗಳಿಗೋ ಎಂದು ಬೀದಿಯವರು ನಗುತ್ತಿದ್ದರು.

ಮೊದಮೊದಲು ಚಿನ್ಮಯಿ ಪಟಪಟನೆ ಹೇಳುತ್ತಿದ್ದಳು. ಈಚೆಗೆ ಬಂದದ್ದೂ ಮರೆಯುತ್ತಿದೆ. ಪಲ್ಯ ಏನು ಮಾಡಲಿ ಮಗಾ ಎಂದರೆ, “ಆಯ್ಕೆ ಏನೇನಿದೆ?” ಎಂದು ಕೇಳುತ್ತಾಳೆ. ನಾಲ್ಕು ಹೆಸರು ಹೇಳಿದರೆ, ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕುವ ಹಾಗೆ ಒಂದನ್ನು ತೋರಿಸುತ್ತಾಳೆ. ಹೇಳದಿದ್ದರೆ ಸುಮ್ಮನೆ ನಿಲ್ಲುತ್ತಾಳೆ. ನಗಬೇಕೋ ಅಳಬೇಕೋ ದಾಕ್ಷಾಯಣಿಗೆ ತಿಳಿಯಲಿಲ್ಲ.

ಬುದ್ಧಿ ಹೇಳುವವರಿಗೇನು, ಊರ ತುಂಬ ಇದ್ದಾರೆ. ಹೋದ ವರ್ಷ ಮಗನಿಗೆ ಸೀಟು ಸಿಕ್ಕ ಹೆಂಗಸು, ಈಗ ಬಿಟ್ಟರೆ ಕೆಟ್ಟೆ, ಕಡೆಯ ವಾರವೇ ಮುಖ್ಯ ಎಂದಳು. ಶಾಲೆಯ ಮೇಷ್ಟರು, ಕಡೆಯ ವಾರ ಪುಸ್ತಕವನ್ನೇ ಮುಟ್ಟಿಸಬೇಡಿ ಎಂದರು. ಗಂಡನನ್ನು ಕೇಳಿದರೆ ಹಣೆಯಲ್ಲಿ ಬರೆದದ್ದು ಆಗುತ್ತದೆ ಎಂದು ಟವೆಲ್ ಕೊಡವಿ ಎದ್ದುಹೋದ. ಮೂವರ ಮಾತೂ ಕೇಳುವ ಹೊತ್ತಿಗೆ ಸರಿ ಎನ್ನಿಸುತ್ತಿತ್ತು. ಮನೆಗೆ ಬರುವ ಹೊತ್ತಿಗೆ ಮೂರೂ ತಪ್ಪು ಎನ್ನಿಸುತ್ತಿತ್ತು.

ಇಷ್ಟು ಹೇಳಿ ದಾಕ್ಷಾಯಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಇನ್ನೂ ಒಂದು ಮಾತು ಉಳಿದಿತ್ತು. ಅದನ್ನು ಹೇಳುವುದೋ ಬೇಡವೋ ಎಂದು ಸ್ವಲ್ಪ ತಡೆದು, ಹೇಳಿದಳು. ಮಗಳ ಒಂದು ಹಲ್ಲು ಬಿದ್ದಿತ್ತು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ, ತಾಯಿ ಮಗಳು ಸೇರಿ ಮನೆಯ ಮಾಡಿನ ಮೇಲೆ ಎಸೆಯುವುದು ಅವರ ಮನೆಯ ರೂಢಿ. ಹಿಂದೆ ಪ್ರತಿ ಹಲ್ಲಿಗೂ ಮಗಳು ಬೀದಿಗೆಲ್ಲ ಬಾಯಿ ತೆರೆದು ತೋರಿಸಿಕೊಂಡು ಬಂದವಳು. ಈ ಸಲ ತಾನೇ ಸುತ್ತಿ ತಾನೇ ಎಸೆದು ಬಂದು ಮಣೆಯ ಮೇಲೆ ಕೂತಿದ್ದಾಳೆ. ಎಷ್ಟೋ ದಿನವಾದ ಮೇಲೆ, ಮಗಳು ಆಕಳಿಸಿದಾಗ, ದಾಕ್ಷಾಯಣಿಗೆ ಆ ಹಲ್ಲಿನ ಸಂದು ಕಂಡದ್ದು.

“ಯಾಕೆ ಹೇಳಲಿಲ್ಲ ಅಂದೆ ಬುದ್ಧಿ. ‘ನೀನು ಕೇಳಲಿಲ್ಲವಲ್ಲಮ್ಮ’ ಅಂದಳು.”

ಗುರುಗಳು, ಒಂದು ಕತೆಯಿದೆ, ಕೇಳಿಕೊಂಡು ಹೋಗು ಎಂದರು. ದಾಕ್ಷಾಯಣಿಗೆ ಕತೆ ಬೇಕಿರಲಿಲ್ಲ. ಹಿಡಿ ಅಥವಾ ಬಿಡು, ಎರಡರಲ್ಲಿ ಒಂದು ಮಾತು ಬೇಕಿತ್ತು. ಆದರೂ ಗುರುಗಳ ಎದುರು ಏಳಲಾಗದೆ ಕೂತಳು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮಡಕೆಯಲ್ಲಿ ಬೆಳಿಗ್ಗೆ ನೀರು ತುಂಬಿಟ್ಟರೆ ಮಧ್ಯಾಹ್ನಕ್ಕೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತಿತ್ತು. ಮಡಕೆಯ ಮೈ ಸದಾ ಬೆವರುತ್ತಿತ್ತು. ಬೇಸಿಗೆ ಬಂತೆಂದರೆ ಊರಿನವರು ಅವನ ಬಾಗಿಲಿಗೆ ಬರುತ್ತಿದ್ದರು. ಹೊಟ್ಟೆ ಬಟ್ಟೆಗೆ ನಡೆಯುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಆ ಸೀಮೆಯ ದೊರೆ ದಾರಿಯುದ್ದಕ್ಕೂ ಅರವಟ್ಟಿಗೆ ಇಡಿಸಬೇಕೆಂದ. ದಾರಿಹೋಕರು ನೆರಳಲ್ಲಿ ನಿಂತು ಒಂದು ಲೋಟ ತಣ್ಣೀರು ಕುಡಿದು ಹೋಗಲಿ ಎಂದು ಅವನ ಆಸೆ. ಮಡಕೆ ಆರಿಸಲು ಒಬ್ಬ ವರ್ತಕನನ್ನು ಕಳಿಸಿದ. ಯಾರ ಮಡಕೆ ಆರಿಸಿಕೊಂಡರೋ ಅವರ ಮನೆಗೆ ಅರಮನೆಯಿಂದ ದವಸ ಬರುತ್ತದೆ ಎಂದು ಡಂಗುರವಾಯಿತು.

ವರ್ತಕ ಬಂದ. ಕುಂಬಾರರೆಲ್ಲ ತಮ್ಮ ತಮ್ಮ ಮಡಕೆಗಳನ್ನು ಸಾಲಾಗಿ ಜೋಡಿಸಿದರು. ಅವನು ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ತಟ್ಟುತ್ತಾ ಹೋದ. ಠಣ್ ಎಂದದ್ದು ಗಾಡಿಗೆ. ಬದ್ ಎಂದದ್ದು ಪಕ್ಕಕ್ಕೆ. ಬಿರುಕು ಬಿಟ್ಟ ಮಡಕೆ ಠಣ್ ಎನ್ನುವುದಿಲ್ಲ, ಆದ್ದರಿಂದ ಅವನು ತಟ್ಟಿದ್ದು ತಪ್ಪಲ್ಲ. ಸಾವಿರ ಮಡಕೆ ನೋಡಬೇಕಾದವನು ಮತ್ತೇನು ಮಾಡಬೇಕು?

ಈ ಕುಂಬಾರನ ಮಡಕೆಯಲ್ಲಿ ಬಿರುಕಿರಲಿಲ್ಲ. ಆದರೆ ಅವನು ಮಡಕೆಯನ್ನು ಹದವಾಗಿ, ಸಣ್ಣ ಉರಿಯಲ್ಲಿ ಸುಡುತ್ತಿದ್ದ. ಅದರ ದನಿ ಮೆತ್ತಗೆ. ಒಂದೂ ಗಾಡಿ ಹತ್ತಲಿಲ್ಲ. ವರ್ತಕ, ಇನ್ನೊಂದು ವರ್ಷಕ್ಕೆ ಕಡೆಯ ಸಲ ಬರುತ್ತೇನೆ ಎಂದು ಹೇಳಿ ಹೋದ.

ಕುಂಬಾರನಿಗೆ ಅನ್ನ ಸೇರಲಿಲ್ಲ. ಮಡಕೆ ಸುಡುವ ಆವಿಗೆಗೆ ಸೌದೆ ಹೆಚ್ಚಿಸಿದ. ಮಡಕೆ ತೆಗೆದು ತಟ್ಟಿದ. ಬದ್ ಎಂದಿತು. ಇನ್ನಷ್ಟು ಉರಿ ಹಾಕಿದ. ಕೆಲವು ಒಡೆದವು, ಕೆಲವು ಸೊಟ್ಟಗಾದವು. ಅವನು ಬಿಡಲಿಲ್ಲ. ಕಡೆಗೊಂದು ದಿನ ಒಂದು ಮಡಕೆ ಠಣ್ ಎಂದಿತು. ಕುಂಬಾರ ಕಣ್ಣಲ್ಲಿ ನೀರು ತಂದುಕೊಂಡ.

ಅಲ್ಲಿಂದ ಮುಂದೆ ಅವನಿಗೆ ತಟ್ಟುವುದೇ ಕೆಲಸವಾಯಿತು. ಎದ್ದರೆ ತಟ್ಟುವನು, ದಾಟಿ ಹೋಗುವಾಗ ತಟ್ಟುವನು. ನಿನ್ನೆ ಠಣ್ ಎಂದದ್ದು ಇವತ್ತೂ ಎನ್ನುತ್ತದೆಯೋ ಇಲ್ಲವೋ ಎಂದು ಭಯ. ಉಣ್ಣಲು ಕೂತರೆ ಊಟದ ಬಟ್ಟಲನ್ನೂ ತಟ್ಟುವನು. ಹೆಂಡತಿ ನೋಡಿ ನೋಡಿ ಸಾಕಾಗಿ ಒಂದು ದಿನ ಹೇಳಿದಳು:

“ಅದರಲ್ಲಿ ಒಂದು ಚೊಂಬು ನೀರನ್ನಾದರೂ ಹಾಕಿ ನೋಡಬಾರದೆ?”

“ಅವನು ನೀರು ಹಾಕಿ ನೋಡುವುದಿಲ್ಲವಲ್ಲೇ” ಎಂದ ಕುಂಬಾರ.

ವರ್ತಕ ಹೇಳಿದ ದಿನಕ್ಕೆ ಬಂದ. ತಟ್ಟಿದ. ಎಲ್ಲ ಮಡಕೆಗಳೂ ಗಂಟೆಯ ಹಾಗೆ ನುಡಿದವು. ಎಲ್ಲವೂ ಗಾಡಿ ಹತ್ತಿದವು. ಕುಂಬಾರನ ಮನೆಗೆ ದವಸ ಬಂತು.

ಇಲ್ಲಿಗೆ ದಾಕ್ಷಾಯಣಿಯ ಮುಖ ಗೆಲುವಾಯಿತು. ಕತೆ ಮುಗಿಯಿತು ಎಂದುಕೊಂಡಳು. ಬಿಡದೆ ಸುಟ್ಟದ್ದಕ್ಕೆ ತಾನೆ ಗೆದ್ದದ್ದು? ಹಾಗಾದರೆ ಹಿಡಿಯಬೇಕು, ಈ ಒಂದು ವಾರ ಇನ್ನೂ ಬಿಗಿಯಾಗಿ ಹಿಡಿಯಬೇಕು. ಏಳಲು ಸೆರಗು ಸರಿಮಾಡಿಕೊಂಡಳು. ಗುರುಗಳು ಕೂತೇ ಇದ್ದರು. ಅವಳೂ ಕೂತಳು.

ಗಾಡಿ ಹೋದ ದಿನ ಕುಂಬಾರ ಖುಷಿಯಿಂದ ಮನೆಯೊಳಗೆ ಬಂದ. ಬಾಯಾರಿತ್ತು. ಮೂಲೆಯಲ್ಲಿ ಮನೆಯ ನೀರಿನ ಮಡಕೆ ಇತ್ತು. ಹಿಂದೆ ಅವನೇ ಸಣ್ಣ ಉರಿಯಲ್ಲಿ ಸುಟ್ಟದ್ದು. ಕೈ ರೂಢಿಯಾಗಿತ್ತಲ್ಲ, ಕುಡಿಯುವ ಮೊದಲು ತಟ್ಟಿದ. ಬದ್ ಎಂದಿತು. ಇದು ಕೆಟ್ಟಿದೆ ಎಂದು ಹೊರಗೆ ಒಯ್ದು ತಿಪ್ಪೆಗೆ ಎಸೆದ. ಆ ಜಾಗದಲ್ಲಿ ಠಣ್ ಎನ್ನುವ ಹೊಸ ಮಡಕೆ ಇಟ್ಟು, ಬಾವಿಯಿಂದ ನೀರು ಸೇದಿ ತುಂಬಿದ. ಮಧ್ಯಾಹ್ನ ಕುಡಿದು ನೋಡಿದ. ಸ್ನಾನದ ಹಂಡೆಯ ನೀರಿನ ಹಾಗಿತ್ತು. ಸಂಜೆ ಕುಡಿದ, ಹಾಗೆಯೇ ಇತ್ತು. ಜೋರು ಉರಿಯಲ್ಲಿ ಬೆಂದ ಮಡಕೆ ಬೆವರುವುದಿಲ್ಲ. ಬೆವರದ ಮಡಕೆಯಲ್ಲಿ ನೀರು ತಣ್ಣಗಾಗುವುದಿಲ್ಲ. ಇದು ಕುಂಬಾರರ ಮನೆಯ ಎಳೆಕೂಸಿಗೂ ಗೊತ್ತಿರುವ ಮಾತು. ಇವನಿಗೂ ಒಂದು ಕಾಲಕ್ಕೆ ಗೊತ್ತಿತ್ತು.

ಈಗ ಮಾತ್ರ ಅವನು ಮಡಕೆಯನ್ನು ಮತ್ತೊಮ್ಮೆ ತಟ್ಟಿದ. ಠಣ್ ಎಂದಿತು. ಮಡಕೆ ಸರಿಯಾಗಿದೆ, ಬಾವಿಯೇ ಕೆಟ್ಟಿದೆ ಎಂದ. ಮಳೆಗಾಲ ಹಿಡಿಯುವವರೆಗೂ ಬಾವಿಯನ್ನೇ ಬೈದುಕೊಂಡಿದ್ದ.

ಗುರುಗಳು ನಿಲ್ಲಿಸಿದರು. ದಾಕ್ಷಾಯಣಿ ಮುಂದೇನೋ ಇದೆಯೆಂದು ಕಾದಳು. ಮುಂದೇನೂ ಇರಲಿಲ್ಲ.

ಅವಳ ತಲೆ ಚಿಟ್ಟುಹಿಡಿಯಿತು. ಬರುವಾಗ ಒಂದು ಗೊಂದಲವಿತ್ತು, ಈಗ ಅದಕ್ಕೆ ಮರಿ ಹುಟ್ಟಿತ್ತು. ತಾನು ಕುಂಬಾರನೋ, ಕುಂಬಾರನ ಹೆಂಡತಿಯೋ? ಕತೆ ಉರಿ ಕಡಿಮೆ ಮಾಡು ಎನ್ನುತ್ತಿದೆ ಎಂದುಕೊಂಡರೆ, ಸಣ್ಣ ಉರಿಯ ಮಡಕೆ ಗಾಡಿ ಹತ್ತಲಿಲ್ಲವಲ್ಲ. ಉರಿ ಹೆಚ್ಚು ಮಾಡು ಎನ್ನುತ್ತಿದೆ ಎಂದುಕೊಂಡರೆ, ನೀರು ತಣ್ಣಗಾಗಲಿಲ್ಲವಲ್ಲ. ದವಸ ಬಂತು ಎನ್ನುವುದೂ ಸುಳ್ಳಲ್ಲ, ತಿಪ್ಪೆಗೆ ಹೋದ ಮಡಕೆಯೂ ಸುಳ್ಳಲ್ಲ. ಇವರಿಗೇನು, ಮಕ್ಕಳಿಲ್ಲ ಮರಿಯಿಲ್ಲ, ಕತೆ ಹೇಳಿ ಕೂತಿರುತ್ತಾರೆ ಎಂದು ಒಂದು ಕ್ಷಣ ಸಿಟ್ಟೂ ಬಂತು. ಆಮೇಲೆ ಅಂದುಕೊಂಡದ್ದಕ್ಕೆ ತಾನೇ ಗಲ್ಲ ಬಡಿದುಕೊಂಡಳು.

ಕಡೆಗೆ ಧೈರ್ಯ ಮಾಡಿ, ತಪ್ಪೆಲ್ಲ ಆ ವರ್ತಕನದೇ ಅಲ್ಲವೇ, ಹಾಗಿದ್ದರೆ ಮಗಳನ್ನು ಪರೀಕ್ಷೆಗೆ ಕಳಿಸುವುದೇ ಬೇಡವೇ ಎಂದು ಕೇಳಿದಳು. ಆ ಬಸ್ಸು, ಆ ಬಿಟ್ಟ ಶಾಲೆ, ಎಲ್ಲ ಮತ್ತೆ ಕಣ್ಣೆದುರು ಬಂತು.

“ಯಾಕೆ ಕಳಿಸಬಾರದು? ಕಳಿಸು” ಎಂದರು ಗುರುಗಳು. “ವರ್ತಕ ಒಂದು ದಿನ ಬಂದ, ಒಂದು ಸಲ ತಟ್ಟಿದ, ಹೋದ. ಅಷ್ಟರಿಂದ ಯಾವ ಮಡಕೆಯೂ ಕೆಡಲಿಲ್ಲ.”

ಕಳಿಸು ಎಂದ ಮೇಲೆ ಓದಿಸಲೇಬೇಕಲ್ಲ! ದಾಕ್ಷಾಯಣಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಗಾದರೆ ಈ ವಾರ ದಿನಕ್ಕೆ ಎಷ್ಟು ಹೊತ್ತು ಓದಿಸಲಿ, ಬೆಳಿಗ್ಗೆಯೋ ಸಂಜೆಯೋ, ಗಣಿತ ಮೊದಲೋ ಭಾಷೆ ಮೊದಲೋ, ಒಂದು ಲೆಕ್ಕ ಹೇಳಿಬಿಡಿ ಬುದ್ಧಿ, ತಾವು ಹೇಳಿದಂತೆಯೇ ಮಾಡುತ್ತೇನೆ ಎಂದು ಕೈಮುಗಿದಳು.

ಗುರುಗಳು ಅವಳ ಮುಗಿದ ಕೈಗಳನ್ನೇ ನೋಡುತ್ತಾ ಕೇಳಿದರು:

“ಆ ಕೂಸನ್ನು ತಟ್ಟಿ ನೋಡದೆ, ಸುಮ್ಮನೆ ಮುಟ್ಟಿ ಎಷ್ಟು ದಿನವಾಯಿತು ತಾಯಿ?”

ದಾಕ್ಷಾಯಣಿ ಮುಗಿದ ಕೈ ಬಿಡಿಸಿ, ಬೆರಳು ಮಡಿಚಿ ದಿನ ಎಣಿಸತೊಡಗಿದಳು.