ಚಿಹ್ನೆ ತೆಗೆದ ಪದಕ

"ಗುರುಗಳೇ, ಒಡೆಯ ಕೆಟ್ಟವನಾದರೂ ಆಳು ತನ್ನ ಕೆಲಸವನ್ನು ನಿಯತ್ತಿನಿಂದ ಮಾಡಿದರೆ, ಒಡೆಯನ ಪಾಪ ಆಳಿಗೆ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಸುಮ್ಮನೆ ಕೇಳಿದ್ದಲ್ಲ. ಬಡವರ ಹೊಟ್ಟೆಯ ಮೇಲೆ ಹೊಡೆಯುವ ಧಣಿಯೊಬ್ಬ ಅವನನ್ನು ಕಾರಭಾರಿಯಾಗಿ ಬಾ ಎಂದು ಕರೆದಿದ್ದ. ಶಿಷ್ಯನ ಮನಸ್ಸು ಆಗಲೇ ಅರ್ಧ ಹೊರಟಿತ್ತು. ಉಳಿದರ್ಧಕ್ಕೆ ಗುರುಗಳ ಒಪ್ಪಿಗೆ ಬೇಕಿತ್ತು. ಗುರುಗಳಿಗೆ ಅದು ತಿಳಿಯದೆ ಇರಲಿಲ್ಲ. "ಕೂತುಕೋ" ಎಂದು ಕತೆ ಹೇಳಿದರು.

ಜರ್ಮನಿ ದೇಶದಲ್ಲಿ ಒಬ್ಬ ಸೇನಾಧಿಕಾರಿ ಇದ್ದ. ಅವನ ಒಡೆಯ ಜಗತ್ತಿಗೇ ಬೆಂಕಿಯಿಟ್ಟ ಸರ್ವಾಧಿಕಾರಿ. ಅಧಿಕಾರಿ ಮಾತ್ರ ಶಿಸ್ತಿನವನು. ಸಿಪಾಯಿಗಳು ಉಂಡ ಮೇಲೆ ಉಣ್ಣುವನು, ಗುಂಡು ಹಾರುವಲ್ಲಿ ತಾನೇ ಮುಂದೆ ನಿಲ್ಲುವನು. ಆ ಸೇನೆಯಲ್ಲಿ ದೊಡ್ಡ ಪದಕವನ್ನು ಕೊರಳಿಗೆ ಕಟ್ಟುತ್ತಿದ್ದರು. ಅದಕ್ಕಾಗಿ ಹಪಹಪಿಸುವ ಅಧಿಕಾರಿಯನ್ನು ಕಂಡರೆ ಸಿಪಾಯಿಗಳು, "ಸಾಹೇಬರಿಗೆ ಗಂಟಲು ನೋವು, ಪದಕ ಕಟ್ಟಿದರೇ ವಾಸಿ" ಎಂದು ಬೆನ್ನ ಹಿಂದೆ ನಗುತ್ತಿದ್ದರು. ಇವನನ್ನು ಯಾರೂ ಹಾಗೆ ಆಡಿಕೊಳ್ಳಲಿಲ್ಲ.

ಯುದ್ಧದ ಗತಿ ತಿರುಗಿತು. ಪರದೇಶದ ಹಿಮದಲ್ಲಿ ಸೇನೆ ಹಿಂದೆ ಸರಿಯತೊಡಗಿತು. ಶತ್ರುವಿಗೆ ಒಂದು ಸೂರೂ ಸಿಗಬಾರದು, ದಾರಿಯ ಹಳ್ಳಿಗಳನ್ನೆಲ್ಲ ಸುಡಿ ಎಂದು ಅಪ್ಪಣೆಯಾಯಿತು. ಒಂದು ಹಳ್ಳಿ ಒಬ್ಬ ಸೋಮಾರಿ ಅಧಿಕಾರಿಯ ಪಾಲಿಗೆ ಬಂತು. ಅವನು ಊರಾಚೆಯ ಹುಲ್ಲಿನ ಬಣವೆಗೆ ಕಡ್ಡಿ ಗೀರಿ, ಎಲ್ಲ ಸುಟ್ಟೆನೆಂದು ವರದಿ ಕೊಟ್ಟು ಓಡಿದ. ಪಕ್ಕದ ಹಳ್ಳಿ ನಮ್ಮವನ ಪಾಲಿಗೆ ಬಂತು. ಉಂಡ ಮನೆಯ ಜಂತೆ ಎಣಿಸುವವನಲ್ಲ ಅವನು. ಮನೆಮನೆಗೂ ತಾನೇ ಹೋಗಿ, ಒಳಗೆ ಯಾರೂ ಇಲ್ಲವೆಂದು ನೋಡಿ, ಬೆಂಕಿ ಹಚ್ಚಿಸಿದ. ಹೊರಗೆ ನಿಂತ ಮುದುಕರೂ ಮಕ್ಕಳೂ ಆ ಚಳಿಯಲ್ಲಿ ಸತ್ತರು. ಅವನು ತನ್ನ ಸಿಪಾಯಿಗಳನ್ನೆಲ್ಲ ಜೀವಸಹಿತ ನದಿ ದಾಟಿಸಿದ. ಪದಕ ಕೊರಳಿಗೆ ಬಂತು.

ಸರ್ವಾಧಿಕಾರಿ ಸೋತು ಸತ್ತ. ನಡುವೆ ಅವನ ಚಿಹ್ನೆಯಿದ್ದ ಪದಕವನ್ನು ಯಾರೂ ಧರಿಸಕೂಡದೆಂದು ಕಾನೂನು ಬಂತು. ಕೆಲವು ವರ್ಷಗಳ ಮೇಲೆ, ಚಿಹ್ನೆ ತೆಗೆದರೆ ಧರಿಸಬಹುದೆಂದು ಇನ್ನೊಂದು ಕಾನೂನು ಬಂತು. ಅಧಿಕಾರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಚಿಹ್ನೆಯಿಲ್ಲದ ಹೊಸ ಪದಕ ತಂದ. ಹಳೆಯ ಸಂಗಡಿಗರ ಕೂಟಕ್ಕೆ ಹೊರಡಲು ಅದನ್ನು ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತ. ಮಗಳು ಬಂದು ನೋಡಿದಳು. ಆ ಹಳ್ಳಿಯ ಸಂಗತಿಯನ್ನು ಅವನ ಬಾಯಿಂದಲೇ ಕೇಳಿ ಬೆಳೆದವಳು ಅವಳು.

"ಅಪ್ಪಾ, ನಡುವೆ ಏನೋ ಇತ್ತಲ್ಲ?"

"ಅದು ಅವನದು, ಹೋಯಿತು. ಉಳಿದದ್ದೆಲ್ಲ ನನ್ನದು."

"ಹಾಗಾದರೆ ಆ ಹಳ್ಳಿ ಯಾರದು? ಹೋದ ಅವನದೋ, ಉಳಿದ ನಿಮ್ಮದೋ?"

ಅಧಿಕಾರಿ ಪದಕವನ್ನು ಬಿಚ್ಚಲಿಲ್ಲ. ಹಾಗೆಯೇ ಕೂಟಕ್ಕೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಅಧಿಕಾರಿಯ ಮೇಲೆ ಮರುಕ ಹುಟ್ಟಿತ್ತು. ತನ್ನ ಮೇಲೂ ಸ್ವಲ್ಪ. "ಆದರೂ ಗುರುಗಳೇ, ಅವನ ನಿಯತ್ತು ನಿಜವಾದದ್ದೇ ಅಲ್ಲವೇ? ಆ ಸೋಮಾರಿಗಿಂತ ಅವನು ಮೇಲಲ್ಲವೇ?" ಎಂದ.

"ನಿಯತ್ತು ನಿಜವೇ, ಆದರೆ ಸೋಮಾರಿಯ ಪಾಲಿನ ಹಳ್ಳಿಯಲ್ಲಿ ಇಂದಿಗೂ ಒಲೆ ಉರಿಯುತ್ತಿದೆ" ಎಂದರು ಗುರುಗಳು.