ದೊರೆ ನೆಡಿಸಿದ ಕಲ್ಲು

ಸ್ವಲ್ಪ ಹತ್ತಿರ ಸರಿಯಿರಿ. ಇದು ಅರಮನೆ ಸುದ್ದಿ, ನಿಮ್ಮ ಹೊಸ್ತಿಲು ದಾಟಬಾರದು. ದಾಟಿದರೂ ನನ್ನ ಹೆಸರು ಬೇಡ.

ಗೋಣಿಬೆಟ್ಟದ ದೊರೆ ಚೌಡನಾಯಕ ಕುಣಿಯುವವಳೊಬ್ಬಳಿಗೆ ಚಿನ್ನದ ಗೆಜ್ಜೆ ಮಾಡಿಸಲು ಸಾಲ ಮಾಡಿದ. ಅದು ರಾಣಿಗೆ ಗೊತ್ತಾಯಿತು. ಒಳಮನೆಯಲ್ಲಿ ಏನು ನಡೆಯಿತೋ ಶಿವನೇ ಬಲ್ಲ. ದೊರೆಯ ಕೆನ್ನೆ ಮಾತ್ರ ಮೂರು ದಿನ ಊದಿತ್ತು. ಹಲ್ಲುನೋವು ಅಂದರು.

ತಿಂಗಳೊಳಗೆ ಅರಮನೆ ಮುಂದೆ ಒಂದು ಕಲ್ಲು ಎದ್ದಿತು: 'ಈ ಸೀಮೆಯಲ್ಲಿ ಆ ವರ್ಷ ಬಂದದ್ದಷ್ಟೇ ಆ ವರ್ಷದ ಖರ್ಚು. ಅರಸನೂ ಸಾಲ ಮಾಡಬಾರದು. ಸೂರ್ಯಚಂದ್ರರಿರುವ ತನಕ.'

"ಇಂಥ ಕಟ್ಟಳೆ ಬೇರೆ ಯಾವ ದೊರೆ ಮಾಡಿದ್ದಾನೆ, ಹೇಳು?" ಎಂದು ದೊರೆ ಎಲೆಯಡಿಕೆ ಮಡಿಸಿಕೊಡುವ ಸಿದ್ದವ್ವನ ಮುಂದೆ ಮೀಸೆ ತಿರುವಿದ.

ಸಿದ್ದವ್ವನಿಗೆ ಬೇರೆಯೇ ಚಿಂತೆ. ಅವಳ ತವರಿನ ಕೆರೆ ಏರಿ ಬಿರಿದಿತ್ತು. ಮಳೆಗೆ ಹದಿನೈದೇ ದಿನ.

"ಒಳ್ಳೆಯ ಕಟ್ಟಳೆಯೇ, ಬುದ್ಧಿ. ಆದರೆ ಏರಿ ಕಟ್ಟದಿದ್ದರೆ ಏಳೂರು ಕೊಚ್ಚಿಹೋಗುತ್ತವೆ."

"ಈ ವರ್ಷದ ಹಣ ಮುಗಿಯಿತಲ್ಲ. ಸುಗ್ಗಿ ಬರಲಿ, ಕಂದಾಯ ಬರಲಿ."

"ಗದ್ದೆಯೇ ಹೋದರೆ ಸುಗ್ಗಿ ಎಲ್ಲಿಂದ?"

"ಏರಿಗೆಂದು ಕಟ್ಟಳೆ ಬಿಟ್ಟರೆ ನಾಳೆ ಎಲ್ಲದಕ್ಕೂ ಬಿಡಬೇಕಾಗುತ್ತದೆ. ನನ್ನ ಬುದ್ಧಿ ನನಗೆ ಗೊತ್ತು, ಸಿದ್ದವ್ವ."

ಅದು ಸುಳ್ಳಲ್ಲವೆಂದು ಅವಳೂ ಬಲ್ಲಳು. ಗೆಜ್ಜೆಗೆ ಕಾಲಿನ ಅಳತೆ ತಂದುಕೊಟ್ಟವಳೇ ಅವಳು. ಅಲ್ಲಿಂದ ಬಂದು ತನ್ನ ಪಕ್ಕದ ಮನೆ ಜಗಲಿಯಲ್ಲಿ ಕೂತಳು. ಅದು ಕಲ್ಲುಕುಟಿಗ ಮಾಳಪ್ಪನ ಮನೆ. ದೊರೆಯ ಕಲ್ಲು ಕೆತ್ತಿದವನು ಅವನೇ.

"ಕೂಲಿ ಬಂತೇನೋ?"

"ಎಲ್ಲಿಂದ, ಅಕ್ಕಾ? ಅಕ್ಷರಕ್ಕಿಷ್ಟು ಅಂತ ಮಾತಾಗಿತ್ತು, ಈಗ ಸುಗ್ಗಿಗೆ ಬಾ ಅಂದರು."

ಸಿದ್ದವ್ವ ಸೆರಗಿನೊಳಗೇ ನಕ್ಕು ಅವನ ಕಿವಿಯಲ್ಲಿ ಒಂದು ಉಪಾಯ ಉಸುರಿದಳು.

ಆ ಸೀಮೆಯಲ್ಲೊಂದು ಪದ್ಧತಿ. ಕೊಡಬೇಕಾದವನು ಕೊಡದಿದ್ದರೆ, ಬರಬೇಕಾದವನು ಅವನ ಸುತ್ತ ಸುಣ್ಣದ ಗೆರೆ ಎಳೆಯಬಹುದು. ಬಾಕಿ ತೀರುವ ತನಕ, ಇಲ್ಲವೇ ಎಳೆದವನೇ ಅಳಿಸುವ ತನಕ, ಅದನ್ನು ದಾಟುವಂತಿಲ್ಲ. ದೊರೆಯೂ ಅಷ್ಟೇ.

ಮಾರನೆಯ ಬೆಳಗ್ಗೆ ದೊರೆ ಕಲ್ಲಿಗೆ ಹೂವೇರಿಸಲು ಬಂದ. ಹಿಂದೆ ಬೊಕ್ಕಸದವನು, ಸಿದ್ದವ್ವ. ಮಾಳಪ್ಪ ದೊರೆಯನ್ನೂ ಕಲ್ಲನ್ನೂ ಸೇರಿಸಿ ಗೆರೆ ಎಳೆದೇಬಿಟ್ಟ.

"ಏನೋ ಇದು?"

"ಈ ಕಲ್ಲಿನ ಕೂಲಿ, ಬುದ್ಧಿ."

ದೊರೆ ಬೊಕ್ಕಸದವನ ಮುಖ ನೋಡಿದ. ಬೊಕ್ಕಸದವನು ನೆಲ ನೋಡಿದ. ಬಿಸಿಲೇರಿತು. ಒಳಗಿಂದ ಕೋಳಿಸಾರಿನ ಘಮ ಬಂತು.

"ಸಿದ್ದವ್ವ, ಶೆಟ್ಟರ ಹತ್ತಿರ ಒಂದಿಷ್ಟು ಕೈಗಡ ತಾ."

"ಅಯ್ಯೋ ಬುದ್ಧಿ, ಸೂರ್ಯಚಂದ್ರರು ಇನ್ನೂ ಇದ್ದಾರಲ್ಲ. ಸುಗ್ಗಿ ತನಕ ನಿಂತಿರಿ, ಆರೇ ತಿಂಗಳು. ಸಾಲ ಮಾಡಬಾರದು ಅನ್ನುವ ಈ ಕಲ್ಲೂ ಪಾಪ ಸಾಲದಲ್ಲೇ ನಿಂತಿದೆ. ಒಬ್ಬರಿಗೊಬ್ಬರು ಜೊತೆಯಾಗುತ್ತೀರಿ."

ದೊರೆ ಮೀಸೆ ಕಚ್ಚಿಕೊಂಡ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. "ಸೋತೆ. ಏನು ಮಾಡಲಿ, ಹೇಳು."

"ಇನ್ನೊಂದು ಮಾತು ಕೆತ್ತಿಸಿ. ಏರಿ ಒಡೆದರೆ ಸಾಲ ಮಾಡಬಹುದು, ಏಳೂರ ಗೌಡರೂ ಒಪ್ಪಿದರೆ. ಗೆಜ್ಜೆಗೆ ಯಾರು ಒಪ್ಪಿದರೂ ಇಲ್ಲ."

ಒಳಮನೆಯ ಕಿಟಕಿಯಲ್ಲಿ ಬಳೆ ಸದ್ದಾಯಿತು. ದೊರೆ ಬೇಗ ಬೇಗ ಒಪ್ಪಿದ.

ಗೌಡರು ಹೂಂ ಅಂದರು. ಶೆಟ್ಟರು ಕೊಟ್ಟದ್ದೆಲ್ಲ ಏರಿಗೆ ಹೋಯಿತು. ಸಿದ್ದವ್ವನ ಮಾತಿಗೆ ಕಟ್ಟುಬಿದ್ದು ಮಾಳಪ್ಪ ಗೆರೆ ಅಳಿಸಿ ಹೊಸ ಮಾತನ್ನೂ ಕೆತ್ತಿದ; ಅವನ ಕೂಲಿ ಸುಗ್ಗಿಗೇ ಉಳಿಯಿತು. ದೊರೆ ಸಿದ್ದವ್ವನಿಗೆ ಬೆಳ್ಳಿಯ ಎಲೆತಟ್ಟೆ ಕೊಟ್ಟ.

ತಟ್ಟೆ ಹಿಡಿದು ಬೀಗುತ್ತ ಮನೆಗೆ ಬಂದವಳಿಗೆ ಮಾಳಪ್ಪ ಜಗಲಿಯಿಂದಲೇ ಮುಖಕ್ಕೆ ಹೇಳಿದ:

"ಅಕ್ಕಾ, ಮೊದಲು ನನಗೆ ನಲವತ್ತಕ್ಷರದ ಕೂಲಿ ಬರಬೇಕಿತ್ತು. ನಿನ್ನ ಜಾಣತನದಿಂದ ಈಗ ಎಪ್ಪತ್ತಕ್ಷರದ್ದು ಬರಬೇಕಾಗಿದೆ."